ಪೈನ್ ಮರದ ವಯಸ್ಸೂ ಅದರ ಗಟ್ಟಿತನವೂ

ಮರದ ಚೇಗೇ ಅದರ ಸಾರವೆಂಬುದು ಗ್ರಾಮಾಂತರಗಳಲ್ಲಿ ರೂಢಮೂಲವಾದ ನಂಬಿಕೆ. ಹೊನ್ನೆ, ತೇಗ ಮೊದಲಾದ ಮರಗಳ ಅನುಭವದಿಂದ ಹುಟ್ಟಿದ ಈ ನಂಬಿಕೆಯು ಪೈನ್ ಮರದ ವಿಷಯದಲ್ಲಿ ಕೊಳ್ಳುವವರನ್ನು ತಪ್ಪುದಾರಿಗೆಳೆಯುವ ಸಂಭವವುಂಟು. ನ್ಯೂಜಿಲೆಂಡಿನ ಪೈನ್ ಮರವು ಭಾರತಕ್ಕೂ ಆಮದಾಗುತ್ತ ಬಂದಿರುವುದರಿಂದ, ಭೂಮಾಲಿಕರೂ ಗ್ರಾಮದ ಮುಖಂಡರೂ ಅದರ ಸ್ವಭಾವವನ್ನು ಅರಿತಿರುವುದು ಲಾಭಕರವು.

ನ್ಯೂಜಿಲೆಂಡಿನ ನೆಡುತೋಪುಗಳಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಪಾಲು ರೇಡಿಯಾಟ ಪೈನ್ ಎಂಬ ಜಾತಿಯದು. ಇದರ ಮೂಲಸ್ಥಾನ ಅಮೆರಿಕದ ಕ್ಯಾಲಿಫೋರ್ನಿಯಾ ಕರಾವಳಿ. ನೆಟ್ಟ 25ರಿಂದ 30 ವರ್ಷಗಳಲ್ಲಿ ಇದನ್ನು ಸಾಮಾನ್ಯವಾಗಿ ಕಡಿಯುವರು.

ವಲಯಗಳ ರಚನೆ.— ಈ ಮರವು ವರ್ಷಕ್ಕೊಂದರಂತೆ ತೊಗಟೆಯ ಒಳಗಡೆ ಹೊಸ ವಲಯವನ್ನು ಬೆಳೆಸುವುದು. ವಸಂತದಲ್ಲಿ ಬೆಳೆದ ತಿಳಿಬಣ್ಣದ ಪಟ್ಟೆಯ ಕಣಗಳಿಗೆ ಗೋಡೆ ತೆಳು. ಋತುವಿನ ಕಡೆಯಲ್ಲಿ ಬೆಳೆದ ಕಡುಬಣ್ಣದ ಪಟ್ಟೆಯ ಕಣಗಳಿಗೆ ಗೋಡೆ ದಪ್ಪ. ತಿರುಳಿನ ಸುತ್ತಲಿನ ಮೊದಲ ಹತ್ತು ವಲಯಗಳಲ್ಲಿ ಕಡುಬಣ್ಣದ ಪಾಲು ಕಡಮೆ. ಹೊರಗೆ ಹೋದಂತೆಲ್ಲ ಅದು ಹೆಚ್ಚುವುದು. ಆದಕಾರಣ ಒಂದು ಘನ ಮೀಟರು ಹಸಿಮರದಲ್ಲಿರುವ ಒಣದ್ರವ್ಯವು ತಿರುಳಿನ ಬಳಿ ಸುಮಾರು 350 ಕಿಲೋಗ್ರಾಂ ಇದ್ದರೆ, ಹೊರವಲಯಗಳಲ್ಲಿ 450 ಕಿಲೋಗ್ರಾಂಗಳ ಆಸುಪಾಸಿಗೆ ಏರುವುದುಂಟು. ಹವೆಯೂ ಇದನ್ನು ವ್ಯತ್ಯಾಸಗೊಳಿಸುವುದು: ಆ ದೇಶದ ಬೆಚ್ಚನೆಯ ಉತ್ತರಭಾಗದ ಮರವು ಚಳಿ ಹೆಚ್ಚಾದ ದಕ್ಷಿಣಭಾಗದ ಮರಕ್ಕಿಂತ ತೂಕವಾದುದು.

ಒಳವಲಯಗಳ ದೋಷವು ತೂಕದಲ್ಲಿ ಮಾತ್ರವಲ್ಲ. ಅಲ್ಲಿ ನಾರು ತಿರುಚಿಕೊಂಡು ಬೆಳೆದಿರುವುದು. ಒಣಗುವಾಗ ಮರವು ಉದ್ದಕ್ಕೂ ಕುಗ್ಗುವುದು ಹೆಚ್ಚು. ಇಂಥ ಮರದಿಂದ ಸೀಳಿದ ಜಂತೆಯು ಸೊಟ್ಟಗಾಗಿ ಹೆಂಚಿನ ಸಾಲನ್ನೇ ಕೆಡಿಸಬಹುದು.

ವಯಸ್ಸಿನ ಪರಿಣಾಮ.— ಮರವು ಎಷ್ಟು ವರ್ಷ ನಿಂತರೂ ಹಿಂದೆ ಬೆಳೆದ ವಲಯದ ಕಣಗಳ ಗೋಡೆ ಪುನಃ ದಪ್ಪವಾಗದು. ಚೇಗು ಕಟ್ಟಿ ಬಣ್ಣ ಬದಲಾಗಬಹುದು, ಬಲವು ಹೆಚ್ಚದು. ಎಳೆಯ ತೋಪಿನ ಪೈನಿನಲ್ಲಿ ಚೇಗು ಮೂಡುವುದು ಈ ಒಳವಲಯಗಳಲ್ಲಿಯೇ. ವಯಸ್ಸಾದ ಮರವು ಮೇಲೆನಿಸುವುದಕ್ಕೆ ಕಾರಣ, ಅದರಲ್ಲಿ ಹೊರಮರದ ಪಾಲು ಹೆಚ್ಚಿರುವುದೇ. 12 ವರ್ಷದ ಮರವು ಬಹುಮಟ್ಟಿಗೆ ಎಳೆಮರವೇ. 28 ವರ್ಷದ ಮರದ ಬುಡದಲ್ಲಿ ಮೊದಲ ಹತ್ತು ವಲಯಗಳು ತ್ರಿಜ್ಯದ ಅರ್ಧವನ್ನು ಆಕ್ರಮಿಸಿವೆಯೆಂದಿಟ್ಟುಕೊಂಡರೆ, ಅವುಗಳ ವಿಸ್ತೀರ್ಣ ಕಾಲುಭಾಗ ಮಾತ್ರ. ಉಳಿದ ಮುಕ್ಕಾಲು ಭಾಗವು ಹೊರಮರ.

ಆದರೆ ಅದೇ ಮರದ ತುದಿಯ ಸ್ಥಿತಿ ಬೇರೆ. 18ನೆಯ ವರ್ಷದಲ್ಲಿ ಮರವು ಮುಟ್ಟಿದ ಎತ್ತರದಲ್ಲಿ ಕೊಯ್ದರೆ ಹತ್ತೇ ವಲಯಗಳು ಕಾಣುವುವು, ಅಲ್ಲಿರುವುದೆಲ್ಲ ಎಳೆಮರ. ಹೀಗೆ ಹಳೆಯ ಮರವೂ ತನ್ನ ಬಾಲ್ಯವನ್ನು ನಡುವಿನಲ್ಲಿಯೂ ನೆತ್ತಿಯಲ್ಲಿಯೂ ಹೊತ್ತಿರುವುದು. ಮರದ ವಯಸ್ಸಿಗಿಂತ, ತಿರುಳಿನಿಂದ ಎಣಿಸಿದ ವಲಯದ ವಯಸ್ಸೇ ಮುಖ್ಯವು.

ಕೊಳ್ಳುವಾಗ ಗಮನಿಸತಕ್ಕ ಅಂಶಗಳು.—

(1) ಕೊಯ್ದ ತುದಿಮುಖವನ್ನು ನೋಡತಕ್ಕದ್ದು. ತಿರುಳಿನ ಚುಕ್ಕೆಯಾಗಲಿ, ಬಿಗಿಯಾಗಿ ಬಾಗಿದ ಅಗಲ ವಲಯಗಳಾಗಲಿ ಕಂಡರೆ ಅದು ಒಳಮರ. ವಲಯಗಳು ಕಿರಿದಾಗಿ, ಬಹುತೇಕ ನೇರವಾಗಿ ಕಾಣುವುದು ಹೊರಮರ.

(2) ಸಮನಾಗಿ ಒಣಗಿದ, ಒಂದೇ ಅಳತೆಯ, ಗಂಟಿಲ್ಲದ ಎರಡು ತುಂಡುಗಳನ್ನು ತೂಗಿ ನೋಡಬಹುದು. ತೂಕ ಹೆಚ್ಚಾದುದು ಸಾಮಾನ್ಯವಾಗಿ ಬಲವುಳ್ಳದ್ದು. ಅಂಟು ತುಂಬಿದ ತುಂಡು ಮಾತ್ರ ಈ ಪರೀಕ್ಷೆಗೆ ಸಲ್ಲದು.

(3) ಭಾರ ಹೊರುವ ತೊಲೆ, ಜಂತೆಗಳಿಗೆ ಹೊರಮರವನ್ನೇ ಆರಿಸತಕ್ಕದ್ದು. ಒಳಮರವು ಪೆಟ್ಟಿಗೆ ಮೊದಲಾದ ಹಗುರ ಕೆಲಸಗಳಿಗೆ ಸಾಕು.

(4) ಗೆದ್ದಲು, ಕೊಳೆತಗಳನ್ನು ತಡೆಯುವ ಶಕ್ತಿ ಇದರ ಯಾವ ಭಾಗಕ್ಕೂ ಸಾಲದು. ಮಣ್ಣಿಗೆ ಅಥವಾ ಮಳೆಗೆ ಒಡ್ಡುವುದಾದರೆ ಔಷಧಿ ಹಾಕಿದ ಮರವನ್ನೇ ಕೊಳ್ಳತಕ್ಕದ್ದು.

ಮೇಲ್ಕಂಡ ನಿಯಮಗಳು ಪೈನ್ ಜಾತಿಗೆ ಮಾತ್ರ ಸಂಬಂಧಿಸಿದುವು. ತೇಗದ ರಚನೆ ಬೇರೆಯಾದುದರಿಂದ ಇವನ್ನು ಅದಕ್ಕೆ ಹಾಗೆಯೇ ಅನ್ವಯಿಸಲಾಗದು. ಒಂದೇ ಬೆಲೆಗೆ ಒಳಮರವೂ ಹೊರಮರವೂ ಬೆರೆತು ಮಾರಾಟವಾಗುವ ಕಡೆ, ತುದಿಮುಖವನ್ನು ಪರೀಕ್ಷಿಸುವವನು ಕೊಟ್ಟ ಹಣಕ್ಕೆ ತಕ್ಕ ಮರವನ್ನು ಪಡೆಯುವನು.