ಪ್ರಶ್ನೆಯ ಮರ್ಯಾದೆ

ಪ್ರಶ್ನೆಯು ಎರಡು ವಿಧ. ತಿಳಿಯಬೇಕೆಂಬ ಹಂಬಲದಿಂದ ಹುಟ್ಟುವುದು ಒಂದು. ಎದುರಿನವರನ್ನು ಸೋಲಿಸಬೇಕೆಂಬ ಹಮ್ಮಿನಿಂದ ಹುಟ್ಟುವುದು ಮತ್ತೊಂದು. ಮೊದಲನೆಯದು ಜಿಜ್ಞಾಸೆ, ಎರಡನೆಯದು ವಿತಂಡವಾದ. ಇವುಗಳ ಅಂತರವನ್ನರಿಯಲು, 15ನೆಯ ಶತಮಾನದಿಂದ ಸಂಕಲಿತವಾದ ಶೂನ್ಯಸಂಪಾದನೆಗಳಲ್ಲಿ ಬರುವ ಅಲ್ಲಮಪ್ರಭು ಮತ್ತು ಅಕ್ಕಮಹಾದೇವಿಯರ ಸಂವಾದವೇ ಸಾಕು.

ಕಲ್ಯಾಣದ ಶರಣಗೋಷ್ಠಿಗೆ ಬಂದ ಅಕ್ಕನನ್ನು ಪ್ರಭುದೇವನು ಒಡನೆಯೇ ಮನ್ನಿಸಲಿಲ್ಲ. ಆಕೆಯ ಪತಿ ಯಾರೆಂದು ಕೇಳಿದನು. ಉಡುಗೆಯನ್ನು ತೊರೆದ ಮೇಲೆ ಕೂದಲನ್ನು ಮರೆಮಾಡಿಕೊಂಡುದೇಕೆಂದು ಕೇಳಿದನು. ಮಾತು ಕಠಿಣವಾಗಿತ್ತು. ಆದರೆ ಅದು ಹಳಿಯಲು ಆಡಿದುದಲ್ಲ. ಆಕೆಯ ನಿಲವು ಎಲ್ಲರಿಗೂ ತಿಳಿಯಲೆಂದು ಆಡಿದುದು. ಆ ಮರೆಯು ನೋಡುವವರಿಗೆ ನೋವಾಗದಿರಲೆಂದು ಅಕ್ಕನು ಉತ್ತರವಿತ್ತಳು. ಪ್ರಭುವು ಅದನ್ನು ಆಲಿಸಿ, ಆ ಉತ್ತರದೊಳಗಿನಿಂದಲೇ ಮುಂದಿನ ಪ್ರಶ್ನೆಯನ್ನೆತ್ತಿದನು. ಕೊನೆಗೆ ಆಕೆಯ ಹಿರಿಮೆಯನ್ನು ತಲೆಬಾಗಿ ಒಪ್ಪಿದನು. ಒಪ್ಪಲು ಸಿದ್ಧನಿಲ್ಲದವನು ಕೇಳುವ ಪ್ರಶ್ನೆ ಪರೀಕ್ಷೆಯಲ್ಲ, ಹಿಂಸೆ.

ಗೃಹಸ್ಥನಿಗೂ ಇದೇ ಪಾಠ. ಲಿಂಗವನ್ನು ಅಂಗೈಯಲ್ಲಿಯೇ ಇಟ್ಟು ಪೂಜಿಸುವುದೇಕೆಂದು ಮಗುವು ಕೇಳಿದರೆ ಗದರಿಸಿ ಬಾಯಿ ಮುಚ್ಚಿಸಲಾಗದು. ಹೆದರಿದ ಮಗುವು ಪೂಜೆಯನ್ನು ರೂಢಿಯಿಂದ ಮಾಡೀತು, ಅರಿವಿನಿಂದ ಮಾಡದು. ಉತ್ತರವು ತನಗೆ ತಿಳಿಯದಿದ್ದರೆ ತಂದೆಯು ಮಗುವಿನೊಡನೆ ಗುರುವಿನ ಬಳಿಗೆ ಹೋಗಿ ತಾನೂ ಕೇಳಲಿ. ತನಗೆ ತಿಳಿದುದು ಇಷ್ಟು, ತೊಡಕಾದುದು ಇಲ್ಲಿ ಎಂದು ಬಿಚ್ಚಿ ಹೇಳಲಿ. ತನ್ನ ಅರಿಯಮೆಯನ್ನು ಮುಚ್ಚಿಡದವನ ಪ್ರಶ್ನೆಗೇ ಉತ್ತರವು ಸಮೀಪಿಸುವುದು. ಮನೆಯಲ್ಲಿ ಅಂತಹ ಪ್ರಶ್ನೆಗೆ ಎಡೆಯಿದ್ದರೆ ಆ ಮನೆಯೇ ಅನುಭವಗೋಷ್ಠಿಯಾಗುವುದು.