ಚೋಕ್ ತೆಗೆದರೆ ನಿಲ್ಲುವ ಎಂಜಿನ್

ಪ್ರಶ್ನೆ: ನಾವಿರುವುದು ಅಮೆರಿಕದ ಓಹಾಯೋದಲ್ಲಿ. ಮನೆ ಕೊಂಡಾಗ ಹಿಂದಿನ ಮಾಲೀಕರು ತಮ್ಮ ರೈಡಿಂಗ್ ಮೋವರನ್ನೂ ನಮಗೇ ಬಿಟ್ಟುಹೋದರು. ಚಳಿಗಾಲವಿಡೀ ಅದು ಶೆಡ್ಡಿನಲ್ಲಿತ್ತು. ಏಪ್ರಿಲ್‌ನಲ್ಲಿ ಹೊರಗೆ ತೆಗೆದರೆ, ಚೋಕ್ ಹಾಕಿದಾಗ ಸ್ಟಾರ್ಟ್ ಆಗುತ್ತದೆ, ತೆಗೆದ ಕೂಡಲೇ ಕೆಮ್ಮಿ ನಿಲ್ಲುತ್ತದೆ. ಅರ್ಧ ಚೋಕಿನಲ್ಲಿ ಓಡಿದರೂ ಸದ್ದು ಏರುತ್ತದೆ, ಇಳಿಯುತ್ತದೆ. ಒಂದೊಂದು ದಿನ ಕೀ ತಿರುಗಿಸಿದರೆ ಬರೀ ಟಕ್ ಅನ್ನುತ್ತದೆ. ಚೋಕ್ ಕೆಟ್ಟಿದೆಯೇ? ಮನೆಯಲ್ಲೇ ಸರಿಮಾಡಿಕೊಳ್ಳಬಹುದೇ?

ಉತ್ತರ: ನಿಮ್ಮ ಚೋಕ್ ಕೆಟ್ಟಿಲ್ಲ. ಅದು ಕೆಟ್ಟಿದ್ದರೆ ತಣ್ಣಗಿರುವ ಎಂಜಿನ್ ಹೊತ್ತಿಕೊಳ್ಳುವುದೇ ಕಷ್ಟವಾಗುತ್ತಿತ್ತು. ಎಂಜಿನ್ನಿಗೆ ಪೆಟ್ರೋಲ್ ಸಾಲುತ್ತಿಲ್ಲ. ಚೋಕ್ ಆ ಕೊರತೆಯನ್ನು ಹೇಗೋ ತುಂಬಿಕೊಡುತ್ತಿದೆ, ಅಷ್ಟೆ.

ಚೋಕ್ ಎಂದರೆ ಕಾರ್ಬ್ಯುರೇಟರಿನ ಬಾಯಲ್ಲಿರುವ ತೆಳುವಾದ ಲೋಹದ ಬಿಲ್ಲೆ. ಅದು ಮುಚ್ಚಿಕೊಂಡರೆ ಒಳಗೆ ಹೋಗುವ ಗಾಳಿ ಕಡಿಮೆಯಾಗುತ್ತದೆ, ಎಂಜಿನ್ನಿನ ಸೆಳೆತ ಪೆಟ್ರೋಲನ್ನು ಹೆಚ್ಚು ಎಳೆದುಕೊಳ್ಳುತ್ತದೆ. ಒಂದು ಗ್ರಾಂ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಚಳಿಯಲ್ಲಿ ಪೆಟ್ರೋಲ್ ಸರಿಯಾಗಿ ಆವಿಯಾಗದೆ ತಣ್ಣಗಿನ ಲೋಹಕ್ಕೆ ಅಂಟಿಕೊಳ್ಳುವುದರಿಂದ ಹೆಚ್ಚು ಸುರಿಯಬೇಕಾಗುತ್ತದೆ. ಹಳೆಯ ಬಜಾಜ್ ಸ್ಕೂಟರಿಗೆ ಬೆಳಗಿನ ಹೊತ್ತು ಚೋಕ್ ಎಳೆದು ಕಿಕ್ ಹೊಡೆದವರಿಗೆ ಇದು ಗೊತ್ತೇ ಇದೆ. ಆದರೆ ಎಂಜಿನ್ ಬಿಸಿಯಾದ ಮೇಲೂ ಚೋಕ್ ಕೇಳಿದರೆ ಎರಡೇ ಸಾಧ್ಯತೆ: ಪೆಟ್ರೋಲ್ ಬರುವ ದಾರಿ ಕಟ್ಟಿಕೊಂಡಿದೆ, ಇಲ್ಲವೇ ಎಲ್ಲೋ ಬಿರುಕಿನಿಂದ ಹೆಚ್ಚುವರಿ ಗಾಳಿ ನುಗ್ಗುತ್ತಿದೆ. ಚಳಿಗಾಲವಿಡೀ ನಿಂತ ಯಂತ್ರವಾದ್ದರಿಂದ ನನ್ನ ಅನುಮಾನ ಮೊದಲನೆಯದರ ಮೇಲೆ.

ಅಮೆರಿಕದ ಬಂಕುಗಳಲ್ಲಿ ಸಿಗುವ ಬಹುಪಾಲು ಪೆಟ್ರೋಲಿನಲ್ಲಿ ಶೇ 10ರಷ್ಟು ಎಥನಾಲ್ ಇರುತ್ತದೆ. ಎಥನಾಲ್ ಗಾಳಿಯ ತೇವ ಹೀರುತ್ತದೆ. ತೇವ ಮಿತಿಮೀರಿದರೆ ನೀರು ಮತ್ತು ಎಥನಾಲ್ ಎರಡೂ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕಿಳಿಯುತ್ತವೆ. ಉಳಿದ ಪೆಟ್ರೋಲ್ ತಿಂಗಳುಗಟ್ಟಲೆ ನಿಂತಲ್ಲೇ ಆರಿ ಅಂಟಾಗುತ್ತದೆ. ಕಾರ್ಬ್ಯುರೇಟರಿನ ಜೆಟ್ ಎಂಬ ಹಿತ್ತಾಳೆಯ ತುಣುಕಿನಲ್ಲಿರುವ ತೂತು ಒಂದು ಮಿಲಿಮೀಟರ್ ಆಸುಪಾಸಿನದು, ಕೆಲವು ಅದಕ್ಕಿಂತ ಸಣ್ಣವು. ಅದು ಅರ್ಧ ಕಟ್ಟಿಕೊಳ್ಳಲು ಒಂದು ಚಳಿಗಾಲ ಧಾರಾಳ ಸಾಕು.

ಮನೆಯಲ್ಲೇ ಸರಿಮಾಡಬಹುದು. ಆದರೆ ಕೀ ತೆಗೆದಿಟ್ಟು, ಸ್ಪಾರ್ಕ್ ಪ್ಲಗ್ಗಿನ ವೈರ್ ಕಳಚಿ, ಎಂಜಿನ್ ತಣ್ಣಗಾದ ಮೇಲೆ, ಬಯಲಿನಲ್ಲಿ ಮಾಡಿ. ಗ್ಯಾರೇಜಿನಲ್ಲಿ ಬೇಡವೇ ಬೇಡ. ಅಲ್ಲಿನ ಎಷ್ಟೋ ಮನೆಗಳಲ್ಲಿ ಗ್ಯಾಸಿನ ವಾಟರ್ ಹೀಟರ್ ಗ್ಯಾರೇಜಿನಲ್ಲೇ ಇರುತ್ತದೆ. ಪೆಟ್ರೋಲಿನ ಆವಿ ನೆಲದ ಮೇಲೆ ಹರಿದು ಆ ಉರಿಯನ್ನು ಮುಟ್ಟಬಲ್ಲದು.

ಮೊದಲು ಏರ್ ಫಿಲ್ಟರ್ ಬಿಚ್ಚಿ. ಈಗ ಚೋಕಿನ ಬಿಲ್ಲೆ ಕಣ್ಣಿಗೆ ಬೀಳುತ್ತದೆ. ಲಿವರನ್ನು ಚೋಕಿಗೆ ತಂದಾಗ ಬಿಲ್ಲೆ ಪೂರ್ತಿ ಮುಚ್ಚಬೇಕು, ಮೊಲದ ಚಿತ್ರವಿರುವ ಕಡೆಗೆ ತಂದಾಗ ಪೂರ್ತಿ ತೆರೆಯಬೇಕು. ಹಾಗಾಗದಿದ್ದರೆ ಕೇಬಲ್ ಸರಿದಿದೆ. ಕ್ಲಾಂಪಿನ ಸ್ಕ್ರೂ ಸಡಿಲಿಸಿ, ಬಿಲ್ಲೆ ಮುಚ್ಚುವ ತನಕ ಕೇಬಲ್ ಸರಿಸಿ ಬಿಗಿ ಮಾಡಿ. ಎಂಜಿನ್ ಓಡುವಾಗ ಕಪ್ಪು ಹೊಗೆ ಬಂದರೆ ಬಿಲ್ಲೆ ಮುಚ್ಚಿದಲ್ಲೇ ಸಿಕ್ಕಿಕೊಂಡಿದೆ ಅಥವಾ ಫಿಲ್ಟರ್ ಕೊಳೆಯಾಗಿದೆ ಎಂದರ್ಥ. ನಿಮ್ಮಲ್ಲಿ ಹಾಗಿಲ್ಲ.

ಮುಂದಿನದೇ ಮುಖ್ಯ ಕೆಲಸ. ಇಂಧನದ ವಾಲ್ವ್ ಮುಚ್ಚಿ, ಇಲ್ಲದಿದ್ದರೆ ಪೈಪನ್ನು ಕ್ಲಿಪ್ಪಿನಿಂದ ಅದುಮಿ, ಕಾರ್ಬ್ಯುರೇಟರಿನ ಕೆಳಗಿನ ಬಟ್ಟಲನ್ನು ಬಿಚ್ಚಿ. ಎಷ್ಟೋ ಮೋವರುಗಳಲ್ಲಿ ಬಟ್ಟಲಿನ ತಳಕ್ಕೆ ವೈರಿರುವ ಸೊಲೆನಾಯ್ಡ್ ಇರುತ್ತದೆ. ಕೀ ಆನ್ ಮಾಡಿದಾಗ ಅದು ಟಿಕ್ ಎಂದು ತನ್ನ ಮೊಳೆಯನ್ನು ಒಳಗೆಳೆದುಕೊಂಡು ಜೆಟ್ಟಿಗೆ ದಾರಿ ಬಿಡಬೇಕು. ಆ ಸದ್ದನ್ನು ಬಿಚ್ಚುವ ಮೊದಲೇ ಕೇಳಿಸಿಕೊಳ್ಳಿ. ಬಟ್ಟಲಲ್ಲಿರುವುದನ್ನು ಗಾಜಿನ ಸೀಸೆಗೆ ಬಗ್ಗಿಸಿ ಬೆಳಕಿಗೆ ಹಿಡಿಯಿರಿ. ನೀರು ಸೇರಿದ್ದರೆ ತಳದಲ್ಲಿ ಬೇರೆಯಾಗಿ ಹೊರಳುತ್ತದೆ. ಬಟ್ಟಲಿನ ಗೋಡೆಗೆ ಕಂದು ಅಂಟು ಹಿಡಿದಿದ್ದರೆ, ಕಾಯಿಲೆ ಇಲ್ಲೇ ಇದೆ.

ಮುಖ್ಯ ಜೆಟ್ಟನ್ನು ಬಿಚ್ಚಿ ಆಕಾಶದ ಕಡೆ ಹಿಡಿದು ನೋಡಿ. ದುಂಡಗಿನ ಬೆಳಕು ಕಾಣಬೇಕು. ಅಂಚು ಮಸುಕಾಗಿ ಕಂಡರೂ ಅದು ಕಟ್ಟಿದೆ ಎಂದೇ ತಿಳಿಯಿರಿ. ಕನ್ನಡಕ ಹಾಕಿಕೊಂಡು ಕಾರ್ಬ್ಯುರೇಟರ್ ಕ್ಲೀನರ್ ಸಿಂಪಡಿಸಿ. ಕರಗದೆ ಉಳಿದ ಕಸಕ್ಕೆ ವಿದ್ಯುತ್ ವೈರಿನ ಒಂದೇ ಎಳೆ ತಾಮ್ರ ಸಾಕು. ಸೂಜಿಯನ್ನೋ ಡ್ರಿಲ್ ಬಿಟ್ಟನ್ನೋ ತೂರಿಸಿದರೆ ತೂತು ಹಿಗ್ಗಿ ಜೆಟ್ ಶಾಶ್ವತವಾಗಿ ಕೆಡುತ್ತದೆ. ಪೈಲಟ್ ಜೆಟ್ ಎಂಬ ಇನ್ನೂ ಸಣ್ಣದೊಂದಿದೆ, ಅದನ್ನು ಮರೆಯಬೇಡಿ. ಸದ್ದು ಏರಿಳಿಯುವ ನಿಮ್ಮ ತೊಂದರೆಗೆ ಅದೂ ಕಾರಣವಾಗಿರಬಹುದು. ಜೋಡಿಸುವಾಗ ಹೊಸ ಗ್ಯಾಸ್ಕೆಟ್ ಹಾಕಿ, ಹೆಚ್ಚುವರಿ ಗಾಳಿಯ ಅನುಮಾನವೂ ಅಲ್ಲಿಗೆ ಬಹುಮಟ್ಟಿಗೆ ತೀರುತ್ತದೆ. ಟ್ಯಾಂಕಿನ ಹಳೆಯ ಪೆಟ್ರೋಲನ್ನು ಪೂರ್ತಿ ತೆಗೆಯಿರಿ, ಇಂಧನದ ಫಿಲ್ಟರ್ ಬದಲಿಸಿ.

ಟಕ್ ಅನ್ನುವುದು ಬೇರೆಯೇ ಕಥೆ, ಚೋಕಿಗೂ ಅದಕ್ಕೂ ಸಂಬಂಧವಿಲ್ಲ. ತುಂಬಿದ ಬ್ಯಾಟರಿ 12.6 ವೋಲ್ಟ್ ತೋರಿಸಬೇಕು. 12.4ಕ್ಕಿಂತ ಕೆಳಗಿದ್ದರೆ ಚಾರ್ಜ್ ಮಾಡಿ, ಟರ್ಮಿನಲ್ಲಿನ ಬಿಳಿ ಹಸಿರು ಪುಡಿಯನ್ನು ಉಜ್ಜಿ ತೆಗೆಯಿರಿ. ಕೀ ತಿರುಗಿಸಿದರೆ ಸದ್ದೇ ಬಾರದಿದ್ದರೆ ಬ್ರೇಕ್ ಪೆಡಲ್, ಬ್ಲೇಡ್, ಸೀಟು ಇವುಗಳ ಸುರಕ್ಷತಾ ಸ್ವಿಚ್ಚುಗಳನ್ನು ನೋಡಿ. ಅವನ್ನು ವೈರ್ ಕಟ್ಟಿ ತಪ್ಪಿಸುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ನೀವು ಸೀಟಿನಿಂದ ಬಿದ್ದಾಗ ಬ್ಲೇಡ್ ನಿಲ್ಲುವುದು ಆ ಸ್ವಿಚ್ಚಿನಿಂದ.

ಬ್ಯಾಟರಿ ಸರಿಯಿದ್ದೂ ಎಂಜಿನ್ ಅರ್ಧ ಸುತ್ತು ತಿರುಗಿ ಗಕ್ಕನೆ ನಿಂತರೆ ವಾಲ್ವಿನ ಸಂದು ನೋಡಿಸಿ. ಒಂದೇ ಸಿಲಿಂಡರಿನ ದೊಡ್ಡ ಎಂಜಿನ್ನುಗಳಲ್ಲಿ ಸ್ಟಾರ್ಟ್ ಮಾಡುವಾಗ ಒಂದು ವಾಲ್ವ್ ತುಸು ತೆರೆದು ಒಳಗಿನ ಒತ್ತಡವನ್ನು ಬಿಟ್ಟುಕೊಡುವ ಏರ್ಪಾಡಿರುತ್ತದೆ. ಸವೆದು ಸಂದು ಹಿಗ್ಗಿದರೆ ವಾಲ್ವ್ ತೆರೆಯುವುದಿಲ್ಲ, ಪೂರ್ತಿ ಒತ್ತಡವನ್ನು ದಾಟಲು ಸ್ಟಾರ್ಟರ್ ಮೋಟಾರಿಗೆ ಆಗುವುದಿಲ್ಲ. ಸಾಮಾನ್ಯವಾಗಿ ಇರಬೇಕಾದ ಸಂದು 0.1 ಮಿಲಿಮೀಟರ್ ಆಸುಪಾಸು, ನಿಮ್ಮ ಎಂಜಿನ್ನಿನ ಲೆಕ್ಕ ಅದರ ಕೈಪಿಡಿಯಲ್ಲಿರುತ್ತದೆ. ಇದು ತಿಳಿಯದೆ ಜನ ಹೊಸ ಬ್ಯಾಟರಿ, ಆಮೇಲೆ ಹೊಸ ಸ್ಟಾರ್ಟರ್ ಕೊಂಡು ಹಣ ಕಳೆದುಕೊಳ್ಳುತ್ತಾರೆ. ಅದನ್ನು ನೋಡಿದರೆ ನನಗೆ ಸಂಕಟವಾಗುತ್ತದೆ.

ಇನ್ನು ಮುಂದಿನ ಚಳಿಗಾಲಕ್ಕೆ. ಕೊನೆಯ ಹುಲ್ಲು ಕತ್ತರಿಸಿದ ದಿನವೇ ಹೊಸ ಪೆಟ್ರೋಲಿಗೆ ಸ್ಟೆಬಿಲೈಜರ್ ಬೆರೆಸಿ ಹತ್ತು ನಿಮಿಷ ಓಡಿಸಿ, ಆಮೇಲೆ ವಾಲ್ವ್ ಮುಚ್ಚಿ ತಾನಾಗಿ ನಿಲ್ಲುವ ತನಕ ಬಿಡಿ. ಎಥನಾಲ್ ಇಲ್ಲದ ಪೆಟ್ರೋಲ್ ಹತ್ತಿರದಲ್ಲಿ ಸಿಕ್ಕಿದರೆ ಅದೇ ಒಳ್ಳೆಯದು. ಶೇ 15 ಎಥನಾಲಿನ ಪೆಟ್ರೋಲನ್ನು ಮೋವರಿಗೆ ಹಾಕಲು ಅಲ್ಲಿನ ಕಾನೂನೇ ಬಿಡುವುದಿಲ್ಲ. ಊರಿನಲ್ಲಿ ತೋಟವಿರುವ ಓದುಗರಿಗೂ ಒಂದು ಮಾತು: 2023ರಿಂದ ಇಲ್ಲಿ ಬರತೊಡಗಿದ್ದು ಶೇ 20 ಎಥನಾಲಿನ ಪೆಟ್ರೋಲ್. ಮಳೆಗಾಲ ಮುಗಿದ ಮೇಲೆ ಕಳೆ ಕೊಚ್ಚುವ ಯಂತ್ರವನ್ನು ಅಟ್ಟಕ್ಕೆ ಏರಿಸುವ ಮುನ್ನ ಟ್ಯಾಂಕ್ ಬರಿದು ಮಾಡಿ.

ಎರಡು ಸಲ ತೊಳೆದ ಮೇಲೂ ಎಂಜಿನ್ ಚೋಕ್ ಕೇಳಿದರೆ ಆಗ ಹೊಸ ಕಾರ್ಬ್ಯುರೇಟರ್ ಕೊಳ್ಳಿ. ಅಂಗಡಿಗೆ ಹೋಗುವಾಗ ಮೋವರಿನ ಮಾದರಿಯೊಂದೇ ಸಾಲದು, ಎಂಜಿನ್ನಿನ ಕವಚದ ಮೇಲೆ ಅಚ್ಚೊತ್ತಿದ ಎಂಜಿನ್ ಸಂಖ್ಯೆಗಳನ್ನೂ ಬರೆದುಕೊಂಡು ಹೋಗಿ.