ತಂತ್ರಾಂಶ ಕೈಪಿಡಿಗಳಲ್ಲಿ ಚರನಾಮಗಳ ಬರವಣಿಗೆ: ಒಂದು ವ್ಯಾಕರಣಾತ್ಮಕ ಪರಿಶೀಲನೆ

ಕನ್ನಡದಲ್ಲಿ ಶಾಸ್ತ್ರಸಾಹಿತ್ಯದ ರಚನೆಯನ್ನು ಕುರಿತ ಚರ್ಚೆ ಬಹುಮಟ್ಟಿಗೆ ಪಾರಿಭಾಷಿಕ ಪದಗಳ ಸುತ್ತ ನಡೆಯುತ್ತದೆ. ಪದ ದೊರೆತ ಮೇಲೆ ಅದನ್ನು ವಾಕ್ಯದಲ್ಲಿ ನಿಲ್ಲಿಸುವ ಬಗೆ ಯಾವುದು ಎಂಬ ಪ್ರಶ್ನೆಯೂ ಅಷ್ಟೇ ಮುಖ್ಯವಾದುದು. ತಂತ್ರಾಂಶಗಳ ಕೈಪಿಡಿಗಳನ್ನು ಕನ್ನಡದಲ್ಲಿ ಬರೆಯಹೊರಟಾಗ ಈ ಪ್ರಶ್ನೆ ತೀವ್ರವಾಗಿ ಎದುರಾಗುತ್ತದೆ. ವೇರಿಯಬಲ್ ಎಂದು ರೂಢಿಯಲ್ಲಿರುವ ‘ಚರ’ದ ಹೆಸರನ್ನು ಕೈಪಿಡಿಯುದ್ದಕ್ಕೂ ಏಕರೂಪವಾಗಿ ಬರೆಯುವುದು ಹೇಗೆ ಎಂಬುದನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ. ಇದು ಮುದ್ರಣದ ಪ್ರಶ್ನೆಯಂತೆ ತೋರಿದರೂ ಕನ್ನಡದ ಮಟ್ಟಿಗೆ ಮೂಲತಃ ವ್ಯಾಕರಣದ ಪ್ರಶ್ನೆ ಎಂಬುದು ಇಲ್ಲಿನ ಪ್ರತಿಪಾದನೆ.

೧. ಹೆಸರು ಮತ್ತು ಮೌಲ್ಯ

ಕ್ರಮವಿಧಿಯಲ್ಲಿ ಮೌಲ್ಯವೊಂದಕ್ಕೆ ಇಟ್ಟ ಹೆಸರೇ ಚರ. ‘ಊರು’ ಎಂಬ ಚರಕ್ಕೆ ‘ಮಂಗಳೂರು’ ಎಂಬ ಮೌಲ್ಯವನ್ನು ಕೊಡಲಾಗಿದೆ ಎಂದಿಟ್ಟುಕೊಳ್ಳೋಣ. ಕೈಪಿಡಿಯಲ್ಲಿ ‘ಊರನ್ನು ಬದಲಿಸಿ’ ಎಂದು ಬರೆದರೆ ಬದಲಾಗಬೇಕಾದುದು ಹೆಸರೋ ಮೌಲ್ಯವೋ ಎಂಬುದು ಸ್ಪಷ್ಟವಾಗುವುದಿಲ್ಲ.

ಇಂಗ್ಲಿಷ್ ಕೈಪಿಡಿಗಳು ಈ ಭೇದವನ್ನು ಅಕ್ಷರರೂಪದಿಂದ ಸೂಚಿಸುತ್ತವೆ. ಗ್ನೂ ಯೋಜನೆಯ ಬರವಣಿಗೆಯ ನಿಯಮಗಳ ಪ್ರಕಾರ ಕ್ರಮವಿಧಿಯ ಟಿಪ್ಪಣಿಗಳಲ್ಲಿ ಚರದ ಹೆಸರು ಚಿಕ್ಕಕ್ಷರಗಳಲ್ಲಿರಬೇಕು. ಅದರ ಮೌಲ್ಯವನ್ನು ಕುರಿತು ಹೇಳುವಾಗ ಅದೇ ಹೆಸರನ್ನು ದೊಡ್ಡಕ್ಷರಗಳಲ್ಲಿ ಬರೆಯಬೇಕು. ಕನ್ನಡ ಲಿಪಿಯಲ್ಲಿ ದೊಡ್ಡಕ್ಷರ, ಚಿಕ್ಕಕ್ಷರಗಳ ಭೇದವೇ ಇಲ್ಲವಾದ್ದರಿಂದ ಈ ಉಪಾಯ ನಮಗೆ ಒದಗುವುದಿಲ್ಲ.

ಶಬ್ದ ಮತ್ತು ಅರ್ಥಗಳ ಈ ಭೇದ ನಮ್ಮ ವ್ಯಾಕರಣ ಪರಂಪರೆಗೆ ಹೊಸದಲ್ಲ. ವ್ಯಾಕರಣಶಾಸ್ತ್ರದಲ್ಲಿ ಉಕ್ತವಾದ ಶಬ್ದವು ತನ್ನ ರೂಪವನ್ನೇ ಸೂಚಿಸುತ್ತದೆ, ಪಾರಿಭಾಷಿಕ ಸಂಜ್ಞೆಗಳು ಮಾತ್ರ ಇದಕ್ಕೆ ಹೊರತು ಎಂದು ಪಾಣಿನಿಯು ಅಷ್ಟಾಧ್ಯಾಯಿಯ ಮೊದಲನೆಯ ಅಧ್ಯಾಯದ ಮೊದಲನೆಯ ಪಾದದ 68ನೆಯ ಸೂತ್ರದಲ್ಲಿ ವಿಧಿಸಿದ್ದಾನೆ. ಕೈಪಿಡಿಕಾರನ ಮುಂದಿರುವ ಸಮಸ್ಯೆಯೂ ಇದೇ ಜಾತಿಯದು.

೨. ಸಂಧಿಯಿಂದ ಒದಗುವ ತೊಡಕು

2008ರಲ್ಲಿ ಬಿಡುಗಡೆಯಾದ ಪೈಥಾನ್ 3ರಿಂದ ಮೊದಲ್ಗೊಂಡು ಆ ಭಾಷೆಯಲ್ಲಿ ಚರಗಳಿಗೆ ಕನ್ನಡ ಲಿಪಿಯಲ್ಲೇ ಹೆಸರಿಡಬಹುದಾಗಿದೆ. ಆದರೆ ‘ಊರು’ ಎಂಬ ಹೆಸರಿಗೆ ವಿಭಕ್ತಿ ಪ್ರತ್ಯಯ ಸೇರಿದಾಗ ಊರನ್ನು, ಊರಿಗೆ, ಊರಲ್ಲಿ ಎಂಬ ರೂಪಗಳುಂಟಾಗುತ್ತವೆ. ಲೋಪಸಂಧಿಯಿಂದ ಕೊನೆಯ ಉಕಾರ ಅಳಿದುಹೋಗುತ್ತದೆ. ‘ಮೊತ್ತ’ ಎಂಬ ಹೆಸರು ‘ಮೊತ್ತವನ್ನು’ ಎಂದಾದಾಗ ವಕಾರವೂ, ‘ಬೆಲೆ’ ಎಂಬುದು ‘ಬೆಲೆಯನ್ನು’ ಎಂದಾದಾಗ ಯಕಾರವೂ ಆಗಮವಾಗಿ ಬರುತ್ತವೆ. ಕೇಶಿರಾಜನ ಶಬ್ದಮಣಿದರ್ಪಣವನ್ನು ಓದಿದವರಿಗೆ ಇವು ಸಹಜ ಕಾರ್ಯಗಳು. ಗಣಕಕ್ಕಾದರೋ ‘ಊರು’ ಮತ್ತು ‘ಊರ’ ಬೇರೆಬೇರೆ ಹೆಸರುಗಳು. ಕೈಪಿಡಿಯನ್ನು ನಂಬಿ ‘ಊರ’ ಎಂದು ಬೆರಳಚ್ಚಿಸಿದ ಕಲಿಕೆದಾರನಿಗೆ, ಅಂಥ ಹೆಸರು ಇಲ್ಲವೆಂಬ ದೋಷಸೂಚನೆ ಎದುರಾಗುತ್ತದೆ. ಹೆಸರನ್ನು ಬೇರೆ ಅಚ್ಚಿನಲ್ಲಿ ಮುದ್ರಿಸಿದರೂ ಈ ತೊಡಕು ಪರಿಹಾರವಾಗದು. ‘ಊರನ್ನು’ ಎಂಬಲ್ಲಿ ಹೆಸರು ಎಲ್ಲಿ ಮುಗಿಯುತ್ತದೆಂದು ಗೆರೆ ಎಳೆಯುವುದೇ ಸಾಧ್ಯವಿಲ್ಲ.

ಬರಹದ ಸಂಕೇತೀಕರಣದಲ್ಲೂ ಇಂಥದೇ ಒಂದು ತೊಡಕಿದೆ. ‘ರ‍್ಯಾಂಕ್’ ಎಂಬ ಪದದಲ್ಲಿ ರಕಾರವು ಅರ್ಕಾವೊತ್ತಾಗದೆ ನಿಲ್ಲಲು ಯೂನಿಕೋಡ್‌ನಲ್ಲಿ ಕಣ್ಣಿಗೆ ಕಾಣದ ಒಂದು ಜೋಡಕ ಸಂಕೇತವನ್ನು ಸೇರಿಸಬೇಕಾಗುತ್ತದೆ. ಪೈಥಾನ್ ಈ ಸಂಕೇತವನ್ನು ಹೆಸರಿನೊಳಗೆ ಅಂಗೀಕರಿಸುವುದಿಲ್ಲ. ಆದಕಾರಣ ಕೈಪಿಡಿಯ ಪುಟದಲ್ಲಿ ಶುದ್ಧವಾಗಿ ಕಾಣುವ ಪದವೇ ಕ್ರಮವಿಧಿಯಲ್ಲಿ ದೋಷವೆನಿಸುತ್ತದೆ.

೩. ‘ಎಂಬ’ ಪದದ ಉಪಯುಕ್ತತೆ

ಈ ತೊಡಕಿಗೆ ಪರಿಹಾರ ಕನ್ನಡದಲ್ಲೇ ಇದೆ. ‘ಎಂಬ’ ಎಂಬುದು ತನ್ನ ಹಿಂದಿನ ಶಬ್ದವನ್ನು ಇದ್ದ ರೂಪದಲ್ಲೇ ಉಳಿಸಿ ಅದನ್ನು ಹೆಸರೆಂದು ಸೂಚಿಸುತ್ತದೆ. ‘ಊರು’ ಎಂಬ ಚರವನ್ನು, ‘ಊರು’ ಎಂಬ ಚರಕ್ಕೆ, ‘ಊರು’ ಎಂಬ ಚರದಲ್ಲಿ ಎಂದು ಬರೆದಾಗ ವಿಭಕ್ತಿಯ ಭಾರವನ್ನು ‘ಚರ’ ಶಬ್ದವು ಹೊರುತ್ತದೆ. ಹೆಸರು ವಿಕಾರ ಹೊಂದುವುದಿಲ್ಲ. ಮೌಲ್ಯವನ್ನು ಹೇಳಬೇಕಾದಲ್ಲಿ ‘ಊರು’ ಎಂಬ ಚರದ ಮೌಲ್ಯ ಎನ್ನಬಹುದು. ಇದರಿಂದ ವಾಕ್ಯ ತುಸು ದೀರ್ಘವಾಗುತ್ತದೆ ಎಂಬ ಆಕ್ಷೇಪ ನ್ಯಾಯವಾದುದೇ. ಮೊದಲ ಉಲ್ಲೇಖದ ನಂತರ ‘ಊರು’ ಚರವನ್ನು ಎಂದು ಸಂಕ್ಷೇಪಿಸಿದರೂ ಹೆಸರಿನ ರೂಪಕ್ಕೆ ಧಕ್ಕೆಯಾಗುವುದಿಲ್ಲ.

ಈ ಹಿನ್ನೆಲೆಯಲ್ಲಿ ಕೈಪಿಡಿಕಾರರು ಪಾಲಿಸಬಹುದಾದ ನಿಯಮಗಳನ್ನು ಹೀಗೆ ಸಂಗ್ರಹಿಸಬಹುದು. ಒಂದು, ಚರನಾಮಕ್ಕೆ ಪ್ರತ್ಯಯವನ್ನು ನೇರವಾಗಿ ಹತ್ತಿಸಬಾರದು. ಎರಡು, ಉದ್ಧರಣ ಚಿಹ್ನೆಯಾಗಲಿ ಬೇರೆ ಅಚ್ಚಾಗಲಿ, ಆಯ್ದುಕೊಂಡ ಗುರುತು ಮೊದಲಿನಿಂದ ಕೊನೆಯವರೆಗೆ ಒಂದೇ ಆಗಿರಬೇಕು. ಮೂರು, ಓದುಗನು ತುಂಬಬೇಕಾದ ಮೌಲ್ಯದ ಸ್ಥಾನಕ್ಕೆ ಬೇರೆಯೇ ಗುರುತು ಬೇಕು. ನಾಲ್ಕು, ಸಾಲಿನ ಕೊನೆಯಲ್ಲಿ ಹೆಸರನ್ನು ಅಡ್ಡಗೆರೆ ಹಾಕಿ ಒಡೆಯಬಾರದು. ಅದು ವ್ಯವಕಲನ ಚಿಹ್ನೆಯೆಂಬ ಭ್ರಮೆಗೆ ಎಡೆಗೊಡುತ್ತದೆ. ಐದು, ಕಾಣದ ಜೋಡಕ ಬೇಕಾಗುವ ಪದಗಳನ್ನು ಉದಾಹರಣೆಗಳ ಹೆಸರುಗಳಾಗಿ ಆರಿಸಬಾರದು.

ಒಟ್ಟಿನಲ್ಲಿ, ಇಂಗ್ಲಿಷ್ ಕೈಪಿಡಿಗಳು ಅಕ್ಷರರೂಪದಿಂದ ಸಾಧಿಸಿದ್ದನ್ನು ಕನ್ನಡವು ವಾಕ್ಯರಚನೆಯಿಂದ ಸಾಧಿಸಬೇಕಾಗಿದೆ. ಮೊದಲ ಬಾರಿಗೆ ಕನ್ನಡದಲ್ಲಿ ಕ್ರಮವಿಧಿ ಕಲಿಯುವ ವಿದ್ಯಾರ್ಥಿಯು ಕೈಪಿಡಿಯ ಸಂಧಿಕಾರ್ಯದಿಂದಾದ ತಪ್ಪನ್ನು ತನ್ನ ಅಸಾಮರ್ಥ್ಯವೆಂದೋ ಭಾಷೆಯ ಅಸಾಮರ್ಥ್ಯವೆಂದೋ ಭಾವಿಸುವಂತಾಗಬಾರದು. ಈ ಕೆಲಸದಲ್ಲಿ ಗಣಕ ತಜ್ಞರ ಜೊತೆಗೆ ವ್ಯಾಕರಣ ಬಲ್ಲ ಕನ್ನಡ ಅಧ್ಯಾಪಕರ ಪಾತ್ರವೂ ಅತ್ಯಗತ್ಯವಾಗಿದೆ.